ಸೊಪ್ಪಿನ ಕಾಲದ ಖೋ-ಖೋ

ಹೋಬಳಿ ಮಟ್ಟದ ಕ್ರೀಡಾಕೂಟ ನಮ್ಮ ಕಡೆ ಬರುವುದು ಆಗಸ್ಟ್ ತಿಂಗಳ ಆಸುಪಾಸಿನಲ್ಲಿ. ನಾನು ಓದುವಾಗಲೂ ಹಾಗೇ, ಈಗಲೂ ಹೆಚ್ಚುಕಡಿಮೆ ಹಾಗೇ. ಈ ತಿಂಗಳನ್ನು ಆರಿಸಿದ ಪುಣ್ಯಾತ್ಮರ ಮನೆಯಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಇರಲಿಲ್ಲ ಅನ್ನುವುದಂತೂ ಖಾತ್ರಿ. ಹಳ್ಳಿಮೈಸೂರು ಹೋಬಳಿಯ ನಮ್ಮಂಥ ಮನೆಗಳಲ್ಲಿ ಆಗ ಸೊಪ್ಪು ಮುರಿಯುವ ಕಾಲ. ತೊಟ್ಟಿಲ ಮಗುವನ್ನು ಬಿಟ್ಟರೆ ಮನೆಯಲ್ಲಿ ಇನ್ನೊಂದು ಖಾಲಿ ಕೈ ಇರುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಹೈಸ್ಕೂಲು ಓದುವ ಹುಡುಗಿಯೊಬ್ಬಳು ಬಂದು "ಸಾಯಂಕಾಲ ಖೋ-ಖೋ ಪ್ರಾಕ್ಟೀಸು ಐತೆ" ಅಂದರೆ ಅಪ್ಪ ಉತ್ತರವನ್ನೇ ಕೊಡುತ್ತಿರಲಿಲ್ಲ. ಅವ್ವ ಕೊಡುತ್ತಿದ್ದಳು: "ಓಡೋಕೇ ಆಸೆ ಇದ್ರೆ ಹೊಲದಿಂದ ಸೊಪ್ಪು ಹೊತ್ಕೊಂಡು ಓಡ್ಬಾ, ಯಾರು ಬ್ಯಾಡ ಅಂದೋರು?"

ನಮ್ಮದು ಸಿಗರೇಟಿಗೆ ಹೋಗುವ ವರ್ಜೀನಿಯಾ ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಅರಕಲಗೂಡು ಸೀಮೆಯ ಕೆಂಪು ನೆಲದಲ್ಲಿ ಮಳೆ ನಂಬಿ ಬೆಳೆಯುವ ಬೆಳೆ. ಹೊಳೆನರಸೀಪುರ ತಾಲ್ಲೂಕಿನಲ್ಲಿ ಹೇಮಾವತಿ ಹೊಳೆಯ ಬದಿಯವರಿಗೆ ಹಳೇ ಕಟ್ಟೆ ಕಾಲುವೆಗಳ ನೀರಿತ್ತು, ಗದ್ದೆ ಇತ್ತು, ತೆಂಗಿತ್ತು. ಹೊಳೆಯಿಂದ ಒಳಗಿದ್ದ ನಮಗೆ ಇದ್ದದ್ದು ರಾಗಿ, ಹುರುಳಿ, ಹೊಗೆಸೊಪ್ಪು. ಬೇಸಿಗೆಯಲ್ಲಿ ಸಸಿಮಡಿ, ಮೇ ತಿಂಗಳ ಮಳೆಗೆ ನಾಟಿ, ಜುಲೈ ಹೊತ್ತಿಗೆ ಬುಡದ ಎಲೆ ಹಣ್ಣಾಗಲು ಶುರು. ಗಿಡದ ಎಲೆಗಳೆಲ್ಲ ಒಂದೇ ಸಲ ಹಣ್ಣಾಗುವುದಿಲ್ಲ. ಕೆಳಗಿನದು ಮೊದಲು, ನಡುವಿನದು ಆಮೇಲೆ, ತುದಿಯದು ಕೊನೆಗೆ. ಹಣ್ಣಾದಷ್ಟನ್ನೇ ಮುರಿದು ತಂದು, ಅವತ್ತೇ ಕಡ್ಡಿಗೆ ದಾರದಲ್ಲಿ ಕಟ್ಟಿ, ಅವತ್ತೇ ಬ್ಯಾರನ್ನಿನೊಳಗೆ ಅಟ್ಟಣೆಯ ಮೇಲೆ ಸಾಲಾಗಿ ಏರಿಸಬೇಕು. ಆಮೇಲೆ ಐದಾರು ದಿನ ಹಗಲು ರಾತ್ರಿ ಒಲೆಗೆ ಸೌದೆ. ಮೊದಲೆರಡು ದಿನ ಸೊಪ್ಪು ಹಳದಿ ತಿರುಗಲೆಂದು ಹದವಾದ ಬಿಸಿ. ಆಮೇಲೆ ಮೆಲ್ಲಮೆಲ್ಲಗೆ ಏರಿಸುತ್ತ ಹೋಗಿ, ಕೊನೆಗೆ ಎಲೆಯ ನಡುನರ ಒಣಗಬೇಕಾದರೆ 160 ಡಿಗ್ರಿ ಫ್ಯಾರನ್‌ಹೀಟ್. ಗೋಡೆಯಲ್ಲಿ ಒಂದು ಸಣ್ಣ ಗಾಜಿನ ಕಿಂಡಿ, ಅದರೊಳಗೆ ತೂಗುಬಿಟ್ಟ ಥರ್ಮಾಮೀಟರು. ಅಕ್ಷರ ಬಾರದ ನಮ್ಮಪ್ಪ ಆ ಪಾದರಸದ ಗೆರೆಯನ್ನು ಓದುತ್ತಿದ್ದಷ್ಟು ಚೆನ್ನಾಗಿ ನಾವು ಪಾಠ ಓದುತ್ತಿರಲಿಲ್ಲ. ಹದ ತಪ್ಪಿದರೆ ಸೊಪ್ಪು ಕಪ್ಪು. ಕಪ್ಪಾದ ಬೇಲನ್ನು ರಾಮನಾಥಪುರದ ಹರಾಜು ಕಟ್ಟೆಗೆ ಒಯ್ದರೆ ಕೇಳುವವರಿಲ್ಲ. ಮಕ್ಕಳ ಫೀಸು, ಬ್ಯಾಂಕಿನ ಸಾಲ, ಅಕ್ಕನ ಮದುವೆ ಎಲ್ಲವೂ ಆ ಗಾಜಿನ ಕಿಂಡಿಯಲ್ಲೇ ಇರುತ್ತಿತ್ತು. ಹಾಗಾಗಿ ಆಗಸ್ಟಿನ ಪ್ರಾಕ್ಟೀಸಿಗೆ ಅಪ್ಪ ಮಾತಾಡದೆ ಸುಮ್ಮನಿದ್ದದ್ದೇ ದೊಡ್ಡದು ಎಂದು ಈಗ ಅನ್ನಿಸುತ್ತದೆ.

ಇನ್ನು ಹೋಬಳಿ ಕ್ರೀಡಾಕೂಟದ ಲೆಕ್ಕಾಚಾರ. ಪೇಟೆಯಲ್ಲಿ ಬೆಳೆದವರಿಗೆ ಇದು ಅಷ್ಟು ಪರಿಚಯ ಇರಲಾರದು. ಒಂದಷ್ಟು ಹಳ್ಳಿ ಸೇರಿದರೆ ಹೋಬಳಿ, ಹೋಬಳಿಗಳು ಸೇರಿದರೆ ತಾಲ್ಲೂಕು. ಶಾಲಾ ಆಟೋಟವೂ ಇದೇ ಏಣಿ ಹತ್ತುತ್ತದೆ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ. ನಮಗೆ ಮೊದಲ ಮೆಟ್ಟಿಲು ಹಳ್ಳಿಮೈಸೂರು, ಎರಡನೆಯದು ಹೊಳೆನರಸೀಪುರ, ಮೂರನೆಯದು ಹಾಸನ. ನಾಲ್ಕನೆಯದು ಮೈಸೂರು ವಿಭಾಗ; ಅದರ ಹೆಸರನ್ನು ನಾವು ಕೇಳಿದ್ದೆವು, ಅಷ್ಟೇ. ಅರಕಲಗೂಡು, ಚನ್ನರಾಯಪಟ್ಟಣದ ಹುಡುಗಿಯರು ಹೇಗೆ ಓಡುತ್ತಾರೆ ಎಂಬುದು ಹಾಸನದವರೆಗೆ ಹೋಗಿಬಂದವರ ಬಾಯಲ್ಲಿ ಕತೆಯಾಗಿ ನಮ್ಮ ಊರಿಗೆ ಬರುತ್ತಿತ್ತು. "ಪಟ್ಣದೋರು ಕಂಬ ಹೊಡೆಯೋದ ನೋಡ್ಬೇಕು ಕಣೇ, ಹಾವು ಸುತ್ತಿದಂಗೆ ಸುತ್ಬುಡ್ತಾರೆ" ಅನ್ನುತ್ತಿದ್ದಳು ಒಬ್ಬ ಸೀನಿಯರ್. ಪಟ್ಣ ಅಂದರೆ ನಮ್ಮ ಜಿಲ್ಲೆಯಲ್ಲಿ ಚನ್ನರಾಯಪಟ್ಟಣ. ಬೇರೆ ಪಟ್ಟಣಗಳೆಲ್ಲ ಆಮೇಲೆ.

ಖೋ-ಖೋಗೆ ಬೇಕಾದದ್ದು ಎರಡು ಕಂಬ, ಒಂದು ಬಯಲು, ಅಷ್ಟೇ. ಬಡ ಶಾಲೆಗಳಿಗೆ ಹೇಳಿ ಮಾಡಿಸಿದ ಆಟ. ವಾಲಿಬಾಲಿಗೆ ಚೆಂಡು ಬೇಕು, ಬಲೆ ಬೇಕು, ಥ್ರೋಬಾಲಿಗೂ ಬೇಕು, ನಮ್ಮ ಶಾಲೆಯ ಆಟದ ಪೆಟ್ಟಿಗೆಯಲ್ಲಿದ್ದದ್ದು ಗಾಳಿ ನಿಲ್ಲದ ಒಂದು ಚೆಂಡು ಮತ್ತು ಪಿ.ಟಿ. ಮೇಷ್ಟ್ರ ಪೀಪಿ. ಅಂಗಳದ ನಡುವೆ ಉದ್ದಕ್ಕೆ ಎಳೆದ ಪಟ್ಟಿಯ ಎರಡು ತುದಿಗೆ ಒಂದೊಂದು ಕಂಬ, ಸೊಂಟಕ್ಕಿಂತ ಸ್ವಲ್ಪ ಎತ್ತರ. ನಮ್ಮ ಕಂಬಗಳು ಬ್ಯಾರನ್ ಅಟ್ಟಣೆಗೆ ತಂದು ಉಳಿದ ನೀಲಗಿರಿ ಮರದವು. ಒಬ್ಬ ಹುಡುಗಿಯ ಅಪ್ಪ ಕೊಟ್ಟದ್ದು. ತೊಗಟೆ ಕೆತ್ತಿ, ಗಂಟುಗಳನ್ನು ಉಜ್ಜಿ ನುಣುಪು ಮಾಡುವ ಕೆಲಸ ನಮ್ಮದೇ. ಒಂದು ಗಂಟು ಉಳಿದರೂ ಕಂಬ ಹಿಡಿದು ಸುತ್ತುವಾಗ ಅಂಗೈ ಚರ್ಮ ಅದಕ್ಕೇ ಅಂಟಿಕೊಂಡು ಉಳಿಯುತ್ತಿತ್ತು.

ಅಟ್ಟಿಸುವ ತಂಡದ ಎಂಟು ಜನ ಪಟ್ಟಿಯ ಮೇಲೆ ಸಾಲಾಗಿ ಕೂರುತ್ತಾರೆ, ಒಬ್ಬಳು ಪೂರ್ವಕ್ಕೆ ಮುಖ ಮಾಡಿದರೆ ಪಕ್ಕದವಳು ಪಶ್ಚಿಮಕ್ಕೆ. ಒಂಬತ್ತನೆಯವಳು ಅಟ್ಟುವವಳು. ಓಡುವ ತಂಡದಿಂದ ಮೂರು ಮೂರು ಜನ ಒಳಗೆ ಬರುತ್ತಾರೆ. ಓಡುವವಳು ಕೂತವರ ನಡುವೆ ಹೇಗೆ ಬೇಕಾದರೂ ನುಸುಳಬಹುದು. ಅಟ್ಟುವವಳಿಗೆ ಆ ಸ್ವಾತಂತ್ರ್ಯವಿಲ್ಲ. ಸಾಲು ದಾಟುವಂತಿಲ್ಲ, ಒಂದು ದಿಕ್ಕಿಗೆ ಹೊರಟ ಮೇಲೆ ಹಿಂದಕ್ಕೆ ತಿರುಗುವಂತಿಲ್ಲ. ಆಚೆ ಬದಿಗೆ ಹೋಗಬೇಕೆಂದರೆ ಕಂಬ ಸುತ್ತಬೇಕು, ಇಲ್ಲವೇ ಕೂತವಳ ಬೆನ್ನು ಮುಟ್ಟಿ "ಖೋ" ಅಂದು ತನ್ನ ಜಾಗವನ್ನು ಅವಳಿಗೆ ಬಿಟ್ಟುಕೊಡಬೇಕು. ಒಂದು ಸರದಿ ಕಿರಿಯರಿಗೆ 7 ನಿಮಿಷ, ಹಿರಿಯರಿಗೆ 9. ಕೇಳಲು ಸುಲಭ. ಆಡುವಾಗ ಆಗುವುದೇನೆಂದರೆ, ಎದುರಾಳಿ ಕೈಗೆ ಸಿಕ್ಕೇ ಸಿಗುತ್ತಾಳೆ ಅನ್ನುವ ಗಳಿಗೆಯಲ್ಲಿ ಅವಳು ಸಾಲಿನೊಳಗೆ ನುಸುಳಿ ಆಚೆಗೆ ಹೋಗುತ್ತಾಳೆ, ನಿಮ್ಮ ಕಾಲು ನಿಲ್ಲದೆ ಮುಂದಕ್ಕೆ ಹೋಗಿರುತ್ತದೆ. ಆಸೆ ಬಿಟ್ಟು ಖೋ ಕೊಡಬೇಕು. ಚೆನ್ನಾಗಿ ಓಡುವ ಹುಡುಗಿಯರಿಗೆ ಇದೇ ಕಷ್ಟ. ತಾನೇ ಹಿಡಿಯಬೇಕೆಂಬ ಹಟದವಳು ಖೋ ಕೊಡುವುದನ್ನು ತಡಮಾಡುತ್ತಾಳೆ, ಫೌಲ್ ಆಗುತ್ತಾಳೆ. ಮೇಷ್ಟ್ರು ಗೆರೆಯಾಚೆಯಿಂದ ಕೂಗುತ್ತಿದ್ದದ್ದು ಒಂದೇ ಮಾತು: "ಕೊಡ್ರೇ, ಕೊಡ್ರೇ, ಇಟ್ಕೊಂಡು ಏನ್ ಮಾಡ್ತೀರಾ!"

ಬೆನ್ನು ಮುಟ್ಟುವ ಈ ನಿಯಮದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನಮ್ಮ ತಂಡದಲ್ಲಿ ಊರೊಳಗಿನವರು ಇದ್ದೆವು, ಕಾಲೋನಿಯ ಹುಡುಗಿಯರೂ ಇದ್ದರು. ನಮ್ಮಲ್ಲೆಲ್ಲ ವೇಗದ ಓಟ ಕಾಲೋನಿಯ ಒಬ್ಬಳದು. ಕಡ್ಡಿಯಂಥ ಕಾಲು, ಕಂಬದ ಹತ್ತಿರ ಅವಳ ಮೈ ನೆಲಕ್ಕೆ ತಾಗುವಷ್ಟು ಬಾಗುತ್ತಿತ್ತು. ಅವಳ ಅವ್ವ ನಮ್ಮ ಬ್ಯಾರನ್ ಅಂಗಳಕ್ಕೆ ಸೊಪ್ಪು ಕಟ್ಟುವ ಕೂಲಿಗೆ ಬರುತ್ತಿದ್ದಳು. ಅಲ್ಲಿ ಎಲ್ಲರೂ ಒಂದೇ ರಾಶಿಯ ಸುತ್ತ ಕೂತು ಕಟ್ಟಿದರೂ ಕುಡಿಯುವ ನೀರನ್ನು ಅವರ ಬೊಗಸೆಗೆ ಮೇಲಿನಿಂದ ಹುಯ್ಯುತ್ತಿದ್ದರು. ಮೈದಾನದಲ್ಲಿ ಆ ಲೆಕ್ಕ ನಡೆಯುವಂತಿರಲಿಲ್ಲ. ಖೋ ಕೊಡಬೇಕಾದರೆ ಅಂಗೈ ಬೆನ್ನಿಗೆ ಬೀಳಲೇಬೇಕು, ಮುಟ್ಟದೆ ಬರೀ ಕೂಗಿದರೆ ಅಂಪೈರು ಪೀಪಿ ಊದುತ್ತಾನೆ. ನಮ್ಮಜ್ಜಿಗೆ ಈ ವಿಷಯ ಯಾರೋ ಹೇಳಿದರು. ಅಜ್ಜಿ ಆಟ ಬೇಡ ಅನ್ನಲಿಲ್ಲ. "ಹಿತ್ತಲ ಬಾಗ್ಲಲ್ಲಿ ನೀರು ಇಟ್ಟಿರ್ತೀನಿ, ಮೈ ತೊಳ್ಕೊಂಡು ಒಳಕ್ಕೆ ಬಾ" ಅಂದಳು. ಅಷ್ಟು ಹೊತ್ತಿಗೆ ಮೈಯೆಲ್ಲ ಧೂಳು, ಹೇಗೂ ತೊಳೆದುಕೊಳ್ಳಬೇಕಿತ್ತು. ಅಜ್ಜಿ ತನ್ನ ಕಾರಣಕ್ಕೆ ಬಿಸಿನೀರು ಕಾಯಿಸಿ ಇಡುತ್ತಿದ್ದಳು, ನಾನು ನನ್ನ ಕಾರಣಕ್ಕೆ ಸ್ನಾನ ಮಾಡುತ್ತಿದ್ದೆ. ಆಟ ಜಾತಿಯನ್ನು ಅಳಿಸಿತು ಎಂದೆಲ್ಲ ಬರೆಯಲು ನಾನು ತಯಾರಿಲ್ಲ. ಕ್ರೀಡಾಕೂಟ ಮುಗಿದ ಮಾರನೇ ದಿನ ಬೊಗಸೆಗೆ ನೀರು ಹುಯ್ಯುವುದು ಎಂದಿನಂತೆ ನಡೆಯುತ್ತಿತ್ತು.

ಸೊಪ್ಪು ಕಟ್ಟಿದ ಕೈಯ ಬಗ್ಗೆ ಗೊತ್ತಿದ್ದವರಿಗೆ ಗೊತ್ತು. ಹಸಿ ಎಲೆಯಲ್ಲೊಂದು ಅಂಟು ಇರುತ್ತದೆ. ಮೊದಲು ಹಸಿರು, ಒಣಗುತ್ತ ಕಪ್ಪು. ಸೋಪಿಗೆ ಬಗ್ಗುವುದಿಲ್ಲ. ಹುಣಸೆಹಣ್ಣು, ಒಲೆ ಬೂದಿ ಹಾಕಿ ತಿಕ್ಕಿದರೆ ಅರ್ಧ ಹೋಗುತ್ತದೆ, ಉಳಿದರ್ಧ ಅನ್ನಕ್ಕೆ ಕಹಿ ಹತ್ತಿಸುತ್ತದೆ. ಮಳೆಯಲ್ಲಿ ನೆನೆದ ಸೊಪ್ಪು ಮುರಿದರಂತೂ ತಲೆ ಸುತ್ತಿ ವಾಂತಿ ಬರುತ್ತಿತ್ತು. ಆ ಕೈಯಲ್ಲೇ ಶಾಲೆಗೆ ಬಂದು ಆ ಕೈಯಲ್ಲೇ ಆಡುತ್ತಿದ್ದೆವು. ಬೆವರಿಗೆ ಅಂಟು ಕರಗಿ ಎದುರಾಳಿಯ ಬಿಳಿ ರವಿಕೆಯ ಮೇಲೆ ಐದು ಬೆರಳಿನ ಮಸಿ ಮೂಡುತ್ತಿತ್ತು. "ನಾನು ಔಟಲ್ಲ, ಮುಟ್ಟೇ ಇಲ್ಲ" ಎಂದು ವಾದಿಸುವವರನ್ನು ಮೇಷ್ಟ್ರು ತಿರುಗಿಸಿ ನಿಲ್ಲಿಸಿ, ಬೆನ್ನನ್ನು ಅಂಪೈರಿಗೆ ತೋರಿಸುತ್ತಿದ್ದರು. ಇಂಥ ಸಾಕ್ಷಿ ಬೇರೆ ತಾಲ್ಲೂಕಿನ ಯಾವ ಅಂಪೈರಿಗೂ ಸಿಕ್ಕಿರಲಾರದು. ಮೇಷ್ಟ್ರದ್ದು ಇನ್ನೊಂದು ಸಿದ್ಧಾಂತವೂ ಇತ್ತು: ಸೊಪ್ಪು ಕಟ್ಟುವ ಹುಡುಗಿಯರ ಕೈ ಚುರುಕು, ಅವರೇ ಒಳ್ಳೆಯ ಚೇಸರುಗಳು. ನಿಜವೋ ಸುಳ್ಳೋ, ಅಪ್ಪಂದಿರನ್ನು ಒಪ್ಪಿಸಲು ಆ ಮಾತು ಉಪಯೋಗಕ್ಕೆ ಬಂತು.

ಬಟ್ಟೆಯದು ದೊಡ್ಡ ರಗಳೆ. ನಾವು ಲಂಗ ಉಟ್ಟು ಶಾಲೆಗೆ ಹೋಗುತ್ತಿದ್ದ ಕಾಲ. ಲಂಗದಲ್ಲಿ ಕೂತು ಏಳುವುದು ಹೇಗೆ, ಕಂಬ ಸುತ್ತುವುದು ಹೇಗೆ? ಅಣ್ಣಂದಿರ ಚಡ್ಡಿ ಒಳಗೆ ತೊಟ್ಟು, ಮೇಲೆ ಯೂನಿಫಾರಂ ಲಂಗವನ್ನು ಮಂಡಿಯವರೆಗೆ ಎತ್ತಿ ಕಟ್ಟಿ ಪಿನ್ನು ಚುಚ್ಚುವುದು ಎಂದು ತೀರ್ಮಾನವಾಯಿತು. ಪ್ರಾಕ್ಟೀಸು ನೋಡಲು ರಸ್ತೆ ಬದಿಯ ಮೋರಿ ಮೇಲೆ ಹುಡುಗರ ಸಾಲು ಕೂರತೊಡಗಿದ ಮೇಲೆ, ಮೇಷ್ಟ್ರು ಕಂಬಗಳನ್ನು ಕಿತ್ತು ಶಾಲೆಯ ಹಿಂದಿನ ಬಯಲಿಗೆ ಸಾಗಿಸಿದರು. ಅಲ್ಲಿ ನೆಗ್ಗಿನಮುಳ್ಳು. ಬರಿಗಾಲಿನಲ್ಲಿ ಆಡುವ ಮೊದಲು ಸಾಲಾಗಿ ಬಗ್ಗಿ ಮುಳ್ಳು ಆರಿಸುವುದೇ ನಮ್ಮ ವಾರ್ಮ್ ಅಪ್.

1986ರ ಸೆಪ್ಟೆಂಬರ್ ಕೊನೆಗೆ ಸೋಲ್‌ನಲ್ಲಿ ಏಷ್ಯನ್ ಗೇಮ್ಸ್ ನಡೆಯಿತು. ಬ್ಯಾರನ್ನಿನಲ್ಲಿ ಕೊನೆಯ ಕೆಲವು ಸುತ್ತು ಸೊಪ್ಪು ಬೇಯಿಸುವುದು ಬಾಕಿ ಇತ್ತು. ಒಲೆ ಕಾಯುವ ಅಣ್ಣನ ಹತ್ತಿರ ಚರ್ಮದ ಚೀಲ ತೊಡಿಸಿದ ಟ್ರಾನ್ಸಿಸ್ಟರ್ ಇತ್ತು. ಪಿ.ಟಿ. ಉಷಾ 200 ಮೀಟರ್ ಗೆದ್ದರು, 400 ಗೆದ್ದರು, 400 ಮೀಟರ್ ಹರ್ಡಲ್ಸ್ ಗೆದ್ದರು. ರಿಲೇಯೂ ಸೇರಿ ನಾಲ್ಕು ಚಿನ್ನ, 100 ಮೀಟರಿನಲ್ಲಿ ಬೆಳ್ಳಿ. ಆ ರಿಲೇ ತಂಡದಲ್ಲಿ ಕರ್ನಾಟಕದ ವಂದನಾ ರಾವ್ ಇದ್ದರು. ಎರಡು ವರ್ಷದ ಹಿಂದೆ ಲಾಸ್ ಏಂಜಲೀಸ್‌ನಲ್ಲಿ ಉಷಾ ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಕಂಚು ಕಳೆದುಕೊಂಡಿದ್ದನ್ನು ಅಣ್ಣ ನಮಗೆ ಹೇಗೆ ವಿವರಿಸಿದ ಅಂದರೆ, ಒಲೆಯ ಕಿಡಿ ಹಾರಿ ಆರುವುದನ್ನು ತೋರಿಸಿ, "ಇಷ್ಟೂ ಹೊತ್ತಲ್ಲ" ಅಂದ. ಪತ್ರಿಕೆಯಲ್ಲಿ ಬಂದ ಉಷಾ ಚಿತ್ರವನ್ನು ಕತ್ತರಿಸಿ ಅನ್ನದ ಗಂಜಿಯಲ್ಲಿ ಬ್ಯಾರನ್ ಗೋಡೆಗೆ ಅಂಟಿಸಿದೆವು. ಬಿಸಿಗೆ ಅದು ಸೊಪ್ಪಿನಂತೆಯೇ ಹಳದಿಯಾಗಿ, ಅಂಚು ಮುರುಟಿ, ಆ ವರ್ಷದ ಬೆಂಕಿ ಆರುವ ಮೊದಲೇ ಉದುರಿತು. ಆದರೆ ಅಪ್ಪ ಅದನ್ನು ನೋಡಿದ್ದ. "ಈ ಹೆಣ್ಣುಮಗಳ ಅಪ್ಪ ಏನು ಮಾಡ್ತಾನೆ?" ಎಂದು ಕೇಳಿದ್ದ. ಮುಂದಿನ ಆಗಸ್ಟಿನಲ್ಲಿ ಪ್ರಾಕ್ಟೀಸಿಗೆ ಹೋಗುತ್ತೇನೆಂದಾಗ ಬೆಳಿಗ್ಗೆ ಎರಡು ಕಡ್ಡಿ ಹೆಚ್ಚು ಕಟ್ಟಿ ಹೋಗು ಅಂದ. ಅದೇ ಅಪ್ಪಣೆ.

ಕ್ರೀಡಾಕೂಟದ ದಿನ ಹಳ್ಳಿಮೈಸೂರಿಗೆ ಸಂತೆಯ ಕಳೆ. ಸುತ್ತಲ ಊರುಗಳ ಮಕ್ಕಳು ಟ್ರ್ಯಾಕ್ಟರ್ ಟ್ರೈಲರಿನಲ್ಲಿ, ಹತ್ತಿರದವರು ನಡೆದು. ಮೈದಾನದ ತುಂಬ ಸುಣ್ಣದ ಪುಡಿಯ ಗೆರೆ. ರಾತ್ರಿ ಸೋನೆ ಹಿಡಿದರೆ ಗೆರೆಯೆಲ್ಲ ಹಾಲಾಗಿ ಹರಿದು, ಬೆಳಿಗ್ಗೆ ಮತ್ತೆ ಎಳೆಯಬೇಕು. ಎಲ್ಲ ಶಾಲೆಯ ಪಿ.ಟಿ. ಮೇಷ್ಟ್ರುಗಳೂ ಬಿಳಿ ಪ್ಯಾಂಟು, ಬಿಳಿ ಟೋಪಿ. ವರ್ಷವಿಡೀ ಹೆಡ್‌ಮಾಸ್ಟರ ಎದುರು ಎರಡನೇ ಸಾಲಿನಲ್ಲಿ ನಿಲ್ಲುವವರು ಅವತ್ತೊಂದು ದಿನ ರಾಜರು. ಪಥಸಂಚಲನ, ಧ್ವಜಾರೋಹಣ, ಆಮೇಲೆ ಭಾಷಣ. 1987ರಲ್ಲಿ ಮಂಡಲ ಪಂಚಾಯತಿಗಳು ಬಂದ ಮೇಲೆ ಮಂಡಲ ಪ್ರಧಾನರ ಭಾಷಣವೂ ಸೇರಿಕೊಂಡಿತು. ಪ್ರಧಾನರು ಎಷ್ಟು ಹೊತ್ತು ಮಾತಾಡುತ್ತಾರೆ ಎಂಬುದರ ಮೇಲೆ ಗುಂಡು ಎಸೆತ ಬೆಳಿಗ್ಗೆಯೋ ಮಧ್ಯಾಹ್ನವೋ ಎಂಬುದು ನಿರ್ಧಾರವಾಗುತ್ತಿತ್ತು. ಊಟಕ್ಕೆ ಚಿತ್ರಾನ್ನ, ಮುತ್ತುಗದ ಎಲೆಯಲ್ಲಿ. ಬಹುಮಾನಕ್ಕೆ ಸ್ಟೀಲ್ ಲೋಟ, ಪ್ಲಾಸ್ಟಿಕ್ ಸೋಪಿನ ಡಬ್ಬಿ, ಮತ್ತು ಹೆಸರಿನ ಜಾಗದಲ್ಲಿ ಮೇಷ್ಟ್ರೇ ಮುತ್ತಿನಂತೆ ಬರೆದ ಪ್ರಮಾಣಪತ್ರ.

ಜನ ಬರುತ್ತಿದ್ದದ್ದು ಮಕ್ಕಳ ಓಟ ನೋಡಲು ಮಾತ್ರವಲ್ಲ. ಹೆಣ್ಣು ನೋಡುವುದು, ಎಮ್ಮೆ ವ್ಯಾಪಾರ ಕುದುರಿಸುವುದು, ಕೊಟ್ಟ ಸಾಲ ಜ್ಞಾಪಿಸುವುದು ಎಲ್ಲವೂ ಆ ಮೈದಾನದ ಅಂಚಿನಲ್ಲೇ ಆಗುತ್ತಿದ್ದವು. ಗೆದ್ದ ಊರಿನವರು ತಮಟೆ ಬಡಿಸಿಕೊಂಡು ಹೋದರೆ, ಸೋತ ಊರಿನವರು ಅಂಪೈರಿನ ಹೆಂಡತಿಯ ತವರು ಯಾವುದೆಂದು ಪತ್ತೆ ಹಚ್ಚಿಕೊಂಡು ಹೋಗುತ್ತಿದ್ದರು. ಯಾವುದೋ ನೆಂಟಸ್ತಿಕೆ ಸಿಕ್ಕೇ ಸಿಗುತ್ತಿತ್ತು. ಒಂದು ಹೋಬಳಿಯಲ್ಲಿ ಯಾರು ಯಾರಿಗೆ ನೆಂಟರಲ್ಲ?

ನಾವು ಹೋಬಳಿ ಗೆದ್ದ ಪಂದ್ಯದಲ್ಲಿ ಕೊನೆಯ ಸರದಿ ಅಟ್ಟುವುದು ನಮ್ಮದು. ಇನ್ನೊಬ್ಬಳು ಔಟಾದರೆ ಗೆಲುವು. ಉಳಿದಿದ್ದವಳು ಗಿಡ್ಡಿ, ಸಾಲಿನೊಳಗೆ ಇಲಿಯಂತೆ ನುಗ್ಗುತ್ತಿದ್ದಳು. ನಾನು ಮೂರನೇ ಜಾಗದಲ್ಲಿ ಕೂತಿದ್ದೆ. ಖೋ ಖೋ ಎಂದು ಸಾಲಿನುದ್ದಕ್ಕೂ ಕೂಗು ಹರಿದು ಬರುತ್ತಿದೆ, ನನ್ನ ಬಲಗಾಲಿನ ಹೆಬ್ಬೆರಳು ನೆಲದಲ್ಲಿ ಗುಳಿ ತೋಡಿಕೊಂಡಿದೆ. ಬೆನ್ನಿಗೆ ಏಟು ಬಿತ್ತು. ಏಟು ಅಂದರೆ ಏಟೇ, ಮುಟ್ಟಿದ್ದಲ್ಲ. ಎದ್ದವಳಿಗೆ ಗಿಡ್ಡಿಯ ಜಡೆ ಒಂದು ಮಾರು ದೂರದಲ್ಲಿ ಕಂಡಿತು. ಅವಳು ಕಂಬದ ಕಡೆ ಹೊರಟಳು, ನಾನೂ ಹೊರಟೆ. ಕಂಬದಲ್ಲಿ ಅವಳು ಸುತ್ತಿ ಆಚೆಗೆ ಜಾರಿದಳು. ನಾನು ಎಡಗೈಯಲ್ಲಿ ಕಂಬ ತಬ್ಬಿ, ಮೈಯನ್ನು ಪೂರಾ ಚೆಲ್ಲಿ, ಬಲಗೈ ಚಾಚಿದೆ. ಸಿಕ್ಕಿದ್ದು ಜಡೆಯ ತುದಿಯ ರಿಬ್ಬನ್ನು. ಜಡೆ ಮುಟ್ಟಿದರೆ ಔಟೋ ಅಲ್ಲವೋ ಎಂದು ಎರಡೂ ಕಡೆಯವರು ಮೈದಾನಕ್ಕೆ ನುಗ್ಗಿದರು. ಅವರ ಮೇಷ್ಟ್ರು ಒಂದು ರೂಲು ಹೇಳಿದರು, ನಮ್ಮ ಮೇಷ್ಟ್ರು ಇನ್ನೊಂದು. ಅಂಪೈರು ಔಟ್ ಕೊಟ್ಟರು. ಅಂಪೈರಿನ ನೆಂಟಸ್ತಿಕೆಯ ವಿಷಯ ಮೇಲೆ ಹೇಳಿದೆನಲ್ಲ, ಆ ವರ್ಷ ಅದು ನಮ್ಮೂರಿಗೇ ಬಂದು ಮುಟ್ಟಿತ್ತು. ನನ್ನ ಮಂಡಿಯ ಮೇಲೆ ಆ ಕಂಬದ ಬುಡದ ಕಲ್ಲಿನ ಗುರುತು ಈಗಲೂ ಇದೆ.

ತಾಲ್ಲೂಕಿನಲ್ಲಿ ಸೋತೆವು. ಹೊಳೆನರಸೀಪುರದವರು ಅಟ್ಟುವುದರಲ್ಲಿ ನಮಗಿಂತ ಜೋರೇನಲ್ಲ, ಆದರೆ ಓಡುವಾಗ ಮೂರೂ ಜನ ಲೆಕ್ಕ ಹಾಕಿ ಸಾಲಿನುದ್ದಕ್ಕೂ ಎಂಟಿನಾಕಾರದಲ್ಲಿ ಸರಪಳಿ ಓಟ ಓಡಿದರು. ನಾವು ಅಂಥದ್ದನ್ನು ಅವತ್ತೇ ಮೊದಲು ನೋಡಿದ್ದು. ಬಸ್ಸಿನಲ್ಲಿ ವಾಪಸು ಬರುವಾಗ ಮೇಷ್ಟ್ರು ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಆ ಓಟದ ಚಿತ್ರ ಬರೆದುಕೊಳ್ಳುತ್ತಿದ್ದರು.

ಹುಡುಗರ ಆಟಕ್ಕೆ ಬೇರೆ ಪಂಚಾಂಗ. ರಾಗಿ ಕಟಾವಾಗಿ ಕಣ ಮಾಡಿದ ಮೇಲೆ ಕಬಡ್ಡಿ. ಸಗಣಿ ಸಾರಿಸಿ ಗಟ್ಟಿಮಾಡಿದ ಕಣ, ಅಂಚಿಗೆ ಹುಲ್ಲಿನ ಮೆದೆ. ಬಿದ್ದರೂ ಪೆಟ್ಟಾಗದ ಅಂಥ ಅಂಕಣವನ್ನು ಮ್ಯಾಟು ಹಾಸುವ ಈ ಕಾಲದಲ್ಲೂ ನಾನು ಕಂಡಿಲ್ಲ. ರೋಣಗಲ್ಲು ಪಕ್ಕಕ್ಕೆ ಉರುಳಿಸಿದರೆ ಆಟ ಶುರು. ಬೆಳುದಿಂಗಳಿದ್ದರೆ ನಡುರಾತ್ರಿಯವರೆಗೆ. ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆಯ ದನಗಳ ಜಾತ್ರೆ. ಅದಕ್ಕೂ ಮುಂಚೆ ರಾಮನಾಥಪುರದ ಷಷ್ಠಿ. ಎತ್ತು ಕೊಳ್ಳುವ ಅಪ್ಪಂದಿರ ಹಿಂದೆ ಹುಡುಗರು ಹೋಗಿಬರುತ್ತಿದ್ದರು, ಬಂದವರ ಬಾಯಲ್ಲಿ ವಾರಗಟ್ಟಲೆ ಎತ್ತಿನ ಸುಳಿ, ಕೊಂಬು, ನಡಿಗೆಯ ಮಾತು. ಬೇಸಿಗೆಯಲ್ಲಿ ಕೆರೆ ಒಣಗಿದರೆ ಕೆರೆಯಂಗಳದಲ್ಲಿ ವಾಲಿಬಾಲು.

ಆ ವಾಲಿಬಾಲಿನ ಒಂದು ಪಂದ್ಯ ಮುಗಿಯುವುದೇ ಕಷ್ಟವಿತ್ತು. ಆಗ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಪಾಯಿಂಟು. ಎದುರಿನವರು ಚೆಂಡು ಗೆದ್ದರೆ ಅವರಿಗೆ ಸಿಗುವುದು ಬರೀ ಸರ್ವಿಸ್ಸು. ಸಮಬಲದ ಎರಡು ಊರುಗಳು ನಿಂತರೆ ಹನ್ನೆರಡು–ಹನ್ನೊಂದರಲ್ಲಿ ಕತ್ತಲಾಗುತ್ತಿತ್ತು. 1990ರ ದಶಕದ ಕೊನೆಯಲ್ಲಿ ನಿಯಮ ಬದಲಾಗಿ, ಯಾರು ಸರ್ವಿಸ್ ಮಾಡಿದರೂ ಪ್ರತಿ ಚೆಂಡಿಗೂ ಪಾಯಿಂಟು ಬಂತು. ಟೀವಿಯವರಿಗೆ ಅನುಕೂಲವಾಯಿತು. ಅಣ್ಣನಂಥವರಿಗೆ ಮಾತ್ರ ಅದು ಆಟವನ್ನು ಕತ್ತರಿಸಿ ಕೊಟ್ಟಂತೆ. ಅವನ ದೇವರು ಕೇರಳದ ಜಿಮ್ಮಿ ಜಾರ್ಜ್. 1986ರಲ್ಲಿ ಸೋಲ್‌ನಲ್ಲಿ ಕಂಚು ಗೆದ್ದ ಭಾರತ ತಂಡದವರು, ಮರುವರ್ಷವೇ ಇಟಲಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ಸುದ್ದಿ ಕೇಳಿದ ದಿನ ನಮ್ಮೂರ ಹುಡುಗರು ಬಲೆ ಕಟ್ಟಲಿಲ್ಲ.

ಮಳೆಗಾಲದ ಉಳಿದ ಹೊತ್ತೆಲ್ಲ ಜಗುಲಿಯದು. ಅಳಗುಳಿ ಮಣೆಯ ಹದಿನಾಲ್ಕು ಗುಳಿಗೆ ಹುಣಸೆ ಬೀಜ. ಚೌಕಾಬಾರಕ್ಕೂ ಅದೇ ಹುಣಸೆ ಬೀಜ, ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ್ದು. ಅಜ್ಜಿ ಚೌಕಾಬಾರದಲ್ಲಿ ಮೋಸ ಮಾಡುತ್ತಿದ್ದಳು. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

ಇದನ್ನೆಲ್ಲ ಕ್ರಿಕೆಟ್ ಬಂದು ಕೆಡಿಸಿತು ಎಂದು ನಮ್ಮ ವಯಸ್ಸಿನವರು ಹೇಳುವುದುಂಟು. ನಾನು ಪೂರ್ತಿ ಒಪ್ಪುವುದಿಲ್ಲ. 1996 ನಮ್ಮ ಕಡೆಯವರಿಗೆ ಹುಚ್ಚು ಹಿಡಿಸಿದ ವರ್ಷ, ನಿಜ. ಜೂನ್ 1ರಂದು ನಮ್ಮ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ದೇಶದ ಪ್ರಧಾನಿಯಾದರು. ಅದೇ ಅಕ್ಟೋಬರಿನಲ್ಲಿ ಅರಸೀಕೆರೆಯ ಡೇವಿಡ್ ಜಾನ್ಸನ್ ಭಾರತಕ್ಕೆ ಟೆಸ್ಟ್ ಆಡಿದರು. ಕೆಲವೇ ದಿನಕ್ಕೆ ಬೆಂಗಳೂರಿನಲ್ಲಿ ಎಂಟು ವಿಕೆಟ್ ಬಿದ್ದ ಮೇಲೆ ಜಾವಗಲ್ ಶ್ರೀನಾಥ್ ಮತ್ತು ಕುಂಬ್ಳೆ ನಿಂತು ಆಸ್ಟ್ರೇಲಿಯವನ್ನು ಸೋಲಿಸಿದರು. ಜಾವಗಲ್ ನಮ್ಮ ಜಿಲ್ಲೆಯದು, ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಆ ಹೆಸರು ಸಾಕಿತ್ತು. ಕೆರೆಯಂಗಳದಲ್ಲಿ ವಾಲಿಬಾಲ್ ಕಂಬ ಕಿತ್ತು ಸ್ಟಂಪು ನೆಟ್ಟರು. ಆದರೆ ಕಣದ ಕಬಡ್ಡಿ ಹೋಗಿದ್ದು ಕ್ರಿಕೆಟ್ಟಿನಿಂದಲ್ಲ, ಕಣವೇ ಹೋದದ್ದರಿಂದ. ರಾಗಿಯನ್ನು ಟಾರು ರಸ್ತೆಗೆ ಹರಡಿ ಬಸ್ಸು ಲಾರಿಗಳ ಚಕ್ರಕ್ಕೆ ಒಕ್ಕಣೆ ಒಪ್ಪಿಸಿದ ಮೇಲೆ, ಆಮೇಲೆ ಯಂತ್ರ ಬಂದ ಮೇಲೆ, ಸಗಣಿ ಸಾರಿಸಿದ ನೆಲ ಯಾರಿಗೆ ಬೇಕು? ಗೊರೂರಿನ ಅಣೆಕಟ್ಟೆಯ ಬಲದಂಡೆ ಕಾಲುವೆಯ ನೀರು ಕಂಡ ಹೊಲಗಳಲ್ಲಿ ವರ್ಷವಿಡೀ ಕೆಲಸ. ಕೆರೆ ಒಣಗುವುದೂ ಕಡಿಮೆ. ನೀರು ಬಂದದ್ದಕ್ಕೆ ಬೇಸರ ಪಡುವಷ್ಟು ಹಳೇ ಕಾಲದ ಮೋಹ ನನಗಿಲ್ಲ. ಕೊಡ ಹೊತ್ತವರಿಗೆ ಗೊತ್ತು. ಆದರೆ ಬೆಳೆಯ ಬಿಡುವಿಗೆ ತಕ್ಕಂತೆ ಹುಟ್ಟಿಕೊಂಡಿದ್ದ ಆಟಗಳು ಆ ಬಿಡುವು ಮಾಯವಾದಾಗ ಹೋದವು. ಉಳಿದದ್ದು ಶಾಲೆ ಹಿಡಿದಿಟ್ಟುಕೊಂಡ ಆಟಗಳು: ಖೋ-ಖೋ, ಕಬಡ್ಡಿ, ಥ್ರೋಬಾಲು. ಪಿ.ಟಿ. ಮೇಷ್ಟ್ರು ಇರುವ ಶಾಲೆಯಲ್ಲಿ ಉಳಿದಿವೆ. ಹುದ್ದೆ ಖಾಲಿ ಬಿದ್ದ ಶಾಲೆಯಲ್ಲಿ ಇಲ್ಲ. ಇದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ.

ನಾನು ಈಗ ಇರುವುದು ಹಾಸನದಲ್ಲಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ-ಖೋದ ಮೊದಲ ವಿಶ್ವಕಪ್ ನಡೆದಾಗ ಅವ್ವ ನನ್ನ ಮನೆಯಲ್ಲಿದ್ದಳು. ಫೈನಲ್ಲಿನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು, ಗಂಡುಮಕ್ಕಳೂ ಗೆದ್ದರು. ಎರಡೂ ತಂಡದಲ್ಲಿ ಕರ್ನಾಟಕದವರು ಒಬ್ಬೊಬ್ಬರು: ಎಂ.ಕೆ. ಗೌತಮ್, ಮತ್ತು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ಆಮೇಲೆ ರಾಜ್ಯ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿಯನ್ನು ಇಬ್ಬರೂ ಬೇಡವೆಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದರ ಮುಂದೆ ಅದು ಏನೂ ಅಲ್ಲ ಎಂಬುದು ಅವರ ಮಾತು. ಸರಿಯಾದ ಮಾತು. ಸೋಪಿನ ಡಬ್ಬಿ ಇಸಕೊಂಡು ಕೈಮುಗಿದು ಬಂದ ನಮ್ಮಂಥವರಿಗೆ ಆ "ಬೇಡ" ಕೇಳಿ ಒಳಗೊಳಗೇ ಹಿಗ್ಗಾಯಿತು.

ಫೈನಲ್ ನೋಡುವಾಗ ಅವ್ವನಿಗೆ ನಿಯಮಗಳನ್ನು ಹೇಳಹೋದೆ. ಬೇಕಾಗಲಿಲ್ಲ, ಎಲ್ಲ ಗೊತ್ತಿತ್ತು. ಯಾವಾಗ ನೋಡಿದ್ದಳೋ, ಪ್ರಾಕ್ಟೀಸಿನ ಬಯಲ ಕಡೆ ಅವಳು ಬಂದ ನೆನಪು ನನಗಿಲ್ಲ. ಮ್ಯಾಟಿನ ಮೇಲೆ ಬೂಟು ಹಾಕಿಕೊಂಡು, ಮಂಡಿಗೆ ಪಟ್ಟಿ ತೊಟ್ಟು, ಬಣ್ಣದ ಜೆರ್ಸಿಯಲ್ಲಿ ಹುಡುಗಿಯರು ಕಂಬಕ್ಕೆ ಹಾರುತ್ತಿದ್ದರು. ಲೀಗ್ ಪಂದ್ಯಗಳು ಬಂದ ಮೇಲೆ ಎತ್ತ ಬೇಕಾದರೂ ತಿರುಗಬಲ್ಲ ವಜೀರ್ ಎಂಬ ಆಟಗಾರನನ್ನು ಸೇರಿಸಿದ್ದಾರೆ ಎಂದೆ. "ಅದು ಮೋಸ" ಅಂದಳು. ಆಮೇಲೆ ಚೈತ್ರಾ ಓಡುವುದನ್ನು ಸುಮಾರು ಹೊತ್ತು ಕಣ್ಣು ಕಿರಿದು ಮಾಡಿ ನೋಡಿ ಕೇಳಿದಳು:

"ಕುರುಬೂರು ಅಂದ್ರೆ ನರಸೀಪುರದ ಕಡೆ ಅಲ್ವಾ? ಆ ಕಡೆ ಕೊಟ್ಟಿರೋರು ನಮ್ಮೋರು ಯಾರಾದ್ರೂ ಇದ್ದಾರಾ ವಿಚಾರ್ಸು."